ಮುಯ್ಯಾಳಿಗೆ ಅವರನ್ನೂ ಕರೆಯಿರಿ
(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)

ಎಚ್‌.ಐ.ವಿ. ಸೋಂಕು ತಗಲಿದವರನ್ನು ಮುಯ್ಯಾಳಿಗೆ ಕರೆಯದೆ, ಪಂಕ್ತಿಯಲ್ಲಿ ಕೂರಿಸದೆ ದೂರವಿಡುವವರು ಇನ್ನೂ ಇದ್ದಾರೆ. ಇದು ತಪ್ಪು ತಿಳಿವಳಿಕೆ. ಜೊತೆಯಲ್ಲಿ ಉಂಡರೆ, ಒಂದೇ ನಲ್ಲಿಯ ನೀರು ಕುಡಿದರೆ, ಸೊಳ್ಳೆ ಕಚ್ಚಿದರೆ ಈ ಸೋಂಕು ಹರಡದು.

2004ರಿಂದ ಸರ್ಕಾರಿ ಎ.ಆರ್‌.ಟಿ. ಕೇಂದ್ರಗಳಲ್ಲಿ ಮಾತ್ರೆ ಉಚಿತ. ದಿನವೂ ತಪ್ಪದೆ ನುಂಗುವವರು ಎಲ್ಲರಂತೆ ದುಡಿದು ಬಾಳಬಲ್ಲರು. ರಕ್ತಪರೀಕ್ಷೆಯಲ್ಲಿ ಕಾಣದಷ್ಟು ವೈರಾಣು ತಗ್ಗಿ, ಹಾಗೆಯೇ ಉಳಿದರೆ ಗಂಡಹೆಂಡಿರ ದೈಹಿಕ ಸಂಬಂಧದಿಂದಲೂ ಹರಡದು.

ಆದರೆ ಊರ ಬಾಯಿಗೆ ಅಂಜಿದವನು ಮಾತ್ರೆ ತರಲು ಹೋಗುವುದಿಲ್ಲ. ಮಾತ್ರೆ ತಪ್ಪಿದರೆ ಜೀವಕ್ಕೆ ಅಪಾಯ. ಆ ಪಾಪದಲ್ಲಿ ನಮ್ಮ ಪಾಲೂ ಇದೆ.

ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿ ಇಂಥ ಭೇದವನ್ನು 2017ರ ಕಾಯಿದೆ ನಿಷೇಧಿಸಿದೆ. ಯಾರಿಗೆ ಸೋಂಕಿದೆಯೆಂದು ಕೆದಕಬೇಡಿ, ತಿಳಿದಿದ್ದರೆ ಹರಡಬೇಡಿ. ಮುಂದಿನ ನಾಟಿಗೆ ಅವರನ್ನೂ ಕರೆಯಿರಿ. ಊಟಕ್ಕೆ ನಿಮ್ಮ ಪಕ್ಕದಲ್ಲೇ ಎಲೆ ಹಾಕಿ.