ಲಗಾಮು ಹಿಡಿದ ಕೈ

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೆ ಅಂಕಿ ಕೂಡಿಸುವುದು ಬಂದಷ್ಟು ಮಾತು ಕೂಡಿಸುವುದು ಬಾರದು. ಆದರೂ ಕಾರ್ಯದರ್ಶಿಗಳ ಒತ್ತಾಯಕ್ಕೆ ಮಣಿದು, ನಮ್ಮ ಮುತ್ತಜ್ಜನ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ದೆಹಲಿಗೆ ಬಂದ ಮೇಲೆ ಎಂಟು ವರ್ಷ ಕಾಲ ತೀನ್ ಮೂರ್ತಿ ವೃತ್ತವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದೆವು. ಆ ಮೂವರು ಕಂಚಿನ ಯೋಧರು ಯಾರೆಂದು ಒಂದು ದಿನ ಮಗಳು ಕೇಳಿದಳು. ಉತ್ತರ ತಿಳಿಯದೆ ನಾಚಿಕೆಯಾಯಿತು. ವಿಚಾರಿಸಿದರೆ, ಒಬ್ಬ ಹೈದರಾಬಾದಿನವನು, ಒಬ್ಬ ಜೋಧಪುರದವನು, ಇನ್ನೊಬ್ಬ ನಮ್ಮ ಮೈಸೂರಿನವನು! 2018ರಿಂದ ಆ ಸ್ಥಳಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂಬ ಹೆಸರೂ ಬಂದಿದೆ.

ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಸಾಮಾನ್ಯ ಸವಾರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ದಳವು 1914ರಲ್ಲಿ ಹಡಗೇರಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮುಂದೆ ನಿಂತಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು. ಬೆಟ್ಟದ ಮೇಲೆ ತೋಪು, ಮೆಷಿನ್ ಗನ್ನು. ನಮ್ಮವರ ಕೈಯಲ್ಲಿ ಭರ್ಜಿ. ಮೈಸೂರಿನ ಒಂದು ತುಕಡಿ ಬೆಟ್ಟವನ್ನೇರಿತು. ಉಳಿದವರ ಗುಂಡಿನ ಆಸರೆಯಲ್ಲಿ ಜೋಧಪುರದವರು ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಮಡಿದರು. ಹಿಂದೆಯೇ ಮೈಸೂರಿನವರೂ ಕುದುರೆಯೇರಿ ಪಟ್ಟಣವನ್ನು ಹೊಕ್ಕರು. ಸೆರೆಯಾದ ಶತ್ರುಗಳು 1,350 ಮಂದಿ.

ನಮ್ಮ ದೊಡ್ಡಪ್ಪನವರ ಪ್ರಕಾರ ಅಂದು ಮುತ್ತಜ್ಜ ಹತ್ತು ಮಂದಿಯನ್ನು ಭರ್ಜಿಯಿಂದ ಕೆಡವಿದ ವೀರ. ಸಂಚಿಕೆಯಲ್ಲಿ ಹಾಗೆಯೇ ಅಚ್ಚಾಗಲೆಂದು ಅವರ ಆಸೆ. ಆದರೆ ಮುತ್ತಜ್ಜನಿಗೆ ಕೊನೆಗಾಲದಲ್ಲಿ ಗಂಜಿ ಕುಡಿಸಿದ ನಮ್ಮ ಅಜ್ಜಿ ಬೇರೆಯೇ ಹೇಳುತ್ತಿದ್ದರು. ಸವಾರರು ಕೆಳಗಿಳಿದು ಗುಂಡು ಹಾರಿಸುವಾಗ ಹಿಂದೆ ಕುದುರೆಗಳನ್ನು ಹಿಡಿದು ನಿಲ್ಲಲು ಕೆಲವರು ಬೇಕಷ್ಟೆ? ಮುತ್ತಜ್ಜ ಅವರಲ್ಲೊಬ್ಬ. "ಲಗಾಮು ಹಿಡಿದು ನಿಂತಿದ್ದೆ ತಾಯಿ, ಒಂದು ಕುದುರೆ ನನ್ನ ಕೈಯಲ್ಲೇ ಸತ್ತಿತು" ಎಂದು ಸೊಸೆಯೊಡನೆ ಒಮ್ಮೆ ಅಂದಿದ್ದನಂತೆ. ಯುದ್ಧದ ಮಾತು ಅಷ್ಟೇ.

ಆ ದಿನದ ಲೆಕ್ಕ ನೋಡಿರಿ: ಮಡಿದ ಸೈನಿಕರು 8, ಗಾಯಗೊಂಡವರು 34, ಸತ್ತ ಕುದುರೆಗಳು 60, ಗಾಯಗೊಂಡವು 83. ಈ ಅಂಕಿಗಳನ್ನು ಓದಿದ ದಿನ ಅಜ್ಜಿಯ ಮಾತು ನಮಗೆ ಅರ್ಥವಾಯಿತು. ಮುತ್ತಜ್ಜ ಊರಿಗೆ ಮರಳಿ ಮನೆಯ ಮುಂದೆ ಒಂದು ಕಲ್ಲುಬಾನಿ ಇರಿಸಿದ. ದಾರಿಹೋಕ ಜಟಕಾ ಕುದುರೆಗಳಿಗಾಗಿ ದಿನವೂ ತಾನೇ ನೀರು ಸೇದಿ ತುಂಬುತ್ತಿದ್ದ. ಜ್ವರವಿದ್ದರೂ ಬಿಡಲಿಲ್ಲವಂತೆ. ಜಟಕಾಗಳು ಹೋದವು, ಬಾನಿ ಇನ್ನೂ ಇದೆ.

ದೊಡ್ಡಪ್ಪನವರು ಈಗ ನಮ್ಮ ಮೇಲೆ ಮುನಿದಿದ್ದಾರೆ. ಆದರೆ ರಸೀದಿಯಿಲ್ಲದೆ ಜಮಾ ಬರೆಯುವುದು ನಮ್ಮ ವೃತ್ತಿಗೆ ಒಗ್ಗದು. ಗುಂಡು ಹಾರುವಾಗ ಬೆದರಿದ ಕುದುರೆಗಳನ್ನು ಬಿಟ್ಟೋಡದೆ ನಿಲ್ಲುವುದು ಸಣ್ಣ ಕೆಲಸವೇ? ಅವನು ಲಗಾಮು ಬಿಟ್ಟಿದ್ದರೆ ಮುಂದಿದ್ದವರು ಏರುವುದು ಯಾವುದನ್ನು? ಹತ್ತು ಮಂದಿಯನ್ನು ಕೊಂದವನ ಮರಿಮಕ್ಕಳು ಎನ್ನಿಸಿಕೊಳ್ಳುವುದಕ್ಕಿಂತ ಬಾನಿ ತುಂಬಿದವನ ಮರಿಮಕ್ಕಳು ಎನ್ನಿಸಿಕೊಳ್ಳುವುದೇ ನಮಗೆ ಸಾಕು.

ಕೊನೆಗೊಂದು ವಿನಂತಿ. ಮಡಿದವರಿಗೆ ಕಲ್ಲು ನಿಲ್ಲುತ್ತದೆ; ಬದುಕಿ ಬಂದ ಸಿಪಾಯಿಗೆ ಮನೆಯವರ ನೆನಪೇ ಕಲ್ಲು. ತಮ್ಮ ಮನೆಯ ಹಿರಿಯರು ಇರುವಾಗಲೇ ಕೇಳಿ, ಕೇಳಿದ್ದನ್ನು ಕೇಳಿದಂತೆಯೇ ಕನ್ನಡದಲ್ಲಿ ಬರೆದಿಡಿ. ಪ್ರತಿ ಸೆಪ್ಟೆಂಬರ್ 23ರಂದು ಮಕ್ಕಳನ್ನು ಆ ಚೌಕಕ್ಕೆ ಕರೆದೊಯ್ಯೋಣ. ಮೂವರಲ್ಲಿ ಒಬ್ಬ ನಮ್ಮವನು ಎಂದು ಅವರಾದರೂ ತಿಳಿದು ಬೆಳೆಯಲಿ.