ಕಲ್ಲು ಸವೆಯುವ ಬಗೆ, ಕಡಲು ಕೊರೆಯುವ ಬಗೆ



ಕಲ್ಲಿನಷ್ಟು ಗಟ್ಟಿಯಾದುದು ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಆದರೆ ಕಲ್ಲೂ ಸವೆಯುತ್ತದೆ. ಅದು ಸವೆದುದರಿಂದಲೇ ನಮಗೆ ಮಣ್ಣೂ ಮರಳೂ ದೊರೆತಿವೆ. ಈ ಕಾರ್ಯವನ್ನು ನಮ್ಮ ಕಾಸರಗೋಡಿನ ನೆಲದಲ್ಲಿಯೇ ನೋಡೋಣ.

ಹಳೆಯ ಬಾವಿಯ ಗೋಡೆಯನ್ನು ಗಮನಿಸಿರಿ. ಹಕ್ಕಿ ಬೀಳಿಸಿದ ಬೀಜದಿಂದ ಕಲ್ಲಿನ ಸಂದಿಯಲ್ಲಿ ಅಶ್ವತ್ಥದ ಸಸಿ ಮೊಳೆತಿರುವುದುಂಟು. ನೂಲಿನಂತಿದ್ದ ಅದರ ಬೇರು ಬರಬರುತ್ತ ದಪ್ಪವಾಗಿ ಕಲ್ಲನ್ನೇ ಸೀಳುತ್ತದೆ. ಮಳೆಯ ನೀರೂ ಸುಮ್ಮನಿರುವುದಿಲ್ಲ. ಕಲ್ಲಿನೊಳಗಿನ ಕೆಲವು ಅಂಶಗಳನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಕಲ್ಲು ಹೀಗೆ ಇದ್ದೆಡೆಯಲ್ಲಿಯೇ ಸಡಿಲವಾಗುವುದಕ್ಕೆ ಶಿಥಿಲೀಕರಣವೆಂದು ಹೆಸರು.

ನಮ್ಮ ಮುರಕಲ್ಲು ಹುಟ್ಟಿದುದೂ ಹೀಗೆಯೇ. ಪುರಾತನ ಬಂಡೆಗಳಿಂದ ಸಿಲಿಕಾ ಮುಂತಾದುವು ಕರಗಿ ಹೋಗಿ, ಕಬ್ಬಿಣ ಹಾಗೂ ಅಲ್ಯುಮಿನಿಯಂ ಅಂಶಗಳು ಉಳಿದುವು. ಆ ಕಬ್ಬಿಣದ ತುಕ್ಕೇ ಅದರ ಕೆಂಪುಬಣ್ಣ. ಇಟ್ಟಿಗೆಯಂತೆ ಕಡಿಯಲು ಬರುವ ಈ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಕೆಳದಿಯ ಅರಸರ ಕಾಲದ ಬೇಕಲ ಕೋಟೆಯು ಈ ಕಲ್ಲಿನದೇ.

ಶಿಥಿಲವಾದುದನ್ನು ನೀರು, ಗಾಳಿಗಳು ಹೊತ್ತೊಯ್ಯುವುದೇ ಸವೆತ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಚಂದ್ರಗಿರಿ ಹೊಳೆಯು ಮರಳನ್ನು ಹೊತ್ತು ತಂದು ಕಡಲಿಗೆ ಒಪ್ಪಿಸುತ್ತದೆ. ಅಲೆಗಳು ಅದನ್ನು ತೀರದುದ್ದಕ್ಕೂ ಹರಡುತ್ತವೆ.

ಇನ್ನು ಕಡಲ್ಕೊರೆತ. ಮಳೆಗಾಲದ ದೊಡ್ಡ ಅಲೆಗಳು ತೀರದ ಮರಳನ್ನು ಒಳಗೆಳೆದುಕೊಳ್ಳುತ್ತವೆ. ಮಳೆ ನಿಂತ ಬಳಿಕ ಸಣ್ಣ ಅಲೆಗಳು ಅದರ ಬಹುಭಾಗವನ್ನು ಮರಳಿ ತರುತ್ತವೆ. ಬಂಡೆಯ ತೀರದಲ್ಲಾದರೋ ಅಲೆಗಳು ಕಲ್ಲುಚೂರುಗಳನ್ನು ಸುತ್ತಿಗೆಯಂತೆ ಬೀಸಿ ಬುಡವನ್ನು ಕೊರೆಯುತ್ತವೆ. ಬುಡ ಹೋದ ಮೇಲೆ ತಲೆ ಉರುಳುತ್ತದೆ.

ಇದು ಕೊಟ್ಟು ಕೊಳ್ಳುವ ಲೆಕ್ಕ. ಹೊಳೆ ಕೊಡಬೇಕು, ಕಡಲು ಕೊಳ್ಳಬೇಕು. ಹೊಳೆಯ ಮರಳನ್ನು ನಾವು ಮಿತಿಮೀರಿ ಬಾಚಿದರೆ ತೀರಕ್ಕೆ ಬರುವ ಪಾಲು ಕಡಿಮೆಯಾಗುತ್ತದೆ. ಕಡಲು ಕೊಳ್ಳುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಆಗ ತೆಂಗಿನ ಮರಗಳು ಬೇರುಸಹಿತ ಉರುಳುತ್ತವೆ, ಮೀನುಗಾರರ ಮನೆಗಳು ನೀರುಪಾಲಾಗುತ್ತವೆ. ಕಲ್ಲಿನ ತಡೆಗೋಡೆ ಕಟ್ಟಿದರೆ ಅದರ ಹಿಂದಣ ನೆಲಕ್ಕೆ ರಕ್ಷಣೆ ದೊರೆಯಬಹುದು. ಆದರೆ ಗೋಡೆ ಮುಗಿಯುವೆಡೆಯಲ್ಲಿ ನೆರೆಯವನ ತೀರಕ್ಕೆ ಅನೇಕ ವೇಳೆ ಕೊರೆತ ಹೆಚ್ಚುತ್ತದೆ. ಆದುದರಿಂದ ಕಡಲನ್ನು ದೂರುವ ಮುನ್ನ ನಮ್ಮ ಕೈಗಳನ್ನು ನೋಡಿಕೊಳ್ಳುವುದು ಲೇಸು.

ಬಾಲಕ ಬಾಲಿಕೆಯರೇ, ನಿಮಗೊಂದು ಕೆಲಸವನ್ನು ಒಪ್ಪಿಸುತ್ತೇನೆ. ಕಡಲು ಶಾಂತವಾಗಿರುವಾಗ ಹಿರಿಯರೊಡನೆ ತೀರಕ್ಕೆ ಹೋಗಿರಿ. ಒಂದು ತೆಂಗಿನ ಮರದಿಂದ ಭರತದ ನೀರು ಏರಿದ ಗುರುತಿನವರೆಗೆ ಹೆಜ್ಜೆಗಳನ್ನು ಎಣಿಸಿ, ದಿನಾಂಕದೊಡನೆ ಬರೆದಿಡಿರಿ. ಮಳೆಗಾಲ ಕಳೆದ ಮೇಲೆಯೂ, ಮರುವರ್ಷ ಅದೇ ತಿಂಗಳಲ್ಲಿಯೂ ಎಣಿಸಿರಿ. ಮಳೆಗಾಲದಲ್ಲಿ ಹೋದ ಹೆಜ್ಜೆಗಳು ಹಿಂದಿರುಗಿದರೆ ಅದು ಕಡಲಿನ ವಾಡಿಕೆ. ವರ್ಷವರ್ಷವೂ ಹಿಂದಿರುಗದಿದ್ದರೆ ನಮ್ಮ ನೆಲವೇ ಹೋಗುತ್ತಿದೆಯೆಂದು ತಿಳಿಯಿರಿ, ಹಿರಿಯರಿಗೂ ತಿಳಿಸಿರಿ. ತನ್ನ ಊರಿನ ನೆಲವನ್ನು ಅಳೆದು ಬಲ್ಲವನೇ ಅದನ್ನು ಉಳಿಸಬಲ್ಲನೆಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.