ಓಟಕ್ಕಿಂತ ಮೊದಲು ಹಿಡಿತ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ರಲ್ಲಿ ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಮಿತಿಯವರು ನಿಮ್ಮ ಕ್ಷೇತ್ರದ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದರು. ಕಂಪ್ಯೂಟರಿನ ವಿಷಯವನ್ನು ಈಗಿನ ಮಕ್ಕಳು ಮೊಬೈಲಿನಲ್ಲೇ ತಿಳಿದುಕೊಳ್ಳುತ್ತಾರೆ. ಅದನ್ನು ಬಿಟ್ಟು ಇವತ್ತು ಒಂದು ಹಳೆಯ ಕಾರಿನ ವಿಷಯ ಹೇಳುತ್ತೇನೆ. ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕೆರೆ ಏರಿಯ ತಿರುವಿನಲ್ಲಿ ಈ ಮೂರು ವರ್ಷಗಳಲ್ಲಿ ಬೈಕಿನಿಂದ ಬಿದ್ದವರಲ್ಲಿ ಮೂವರು ಇದೇ ಶಾಲೆಯ ಹುಡುಗರು. ಅವರಲ್ಲಿ ಒಬ್ಬ ಇನ್ನೂ ಊರುಗೋಲು ಬಿಟ್ಟಿಲ್ಲ. ಅವರ ಮನೆಯವರೂ ಈ ಸಭೆಯಲ್ಲಿದ್ದಾರೆ. ಮೂರು ಬೈಕುಗಳನ್ನೂ ಹುಡುಗರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದರು. ಗಾಡಿಯನ್ನು ಬದಲಾಯಿಸುವುದೆಂದರೆ ಏನು, ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಆ ಕಾರಿನಿಂದ.

ಕಂಪನಿಯ ಕೆಲಸದ ಮೇಲೆ ನಾನು ಎರಡು ವರ್ಷ ಇಂಗ್ಲೆಂಡಿನ ಕೊವೆಂಟ್ರಿ ಎಂಬ ಊರಿನಲ್ಲಿದ್ದೆ. ಒಂದು ಕಾಲಕ್ಕೆ ಅದು ಕಾರುಗಳ ಊರು. ಅಲ್ಲಿಯ ಕ್ಯಾನ್ಲಿ ಎಂಬ ಭಾಗದಲ್ಲಿ ಟ್ರಯಂಫ್ ಕಾರ್ಖಾನೆ ಇತ್ತು. ನನ್ನ ಪಕ್ಕದ ಮನೆಯಲ್ಲಿ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅಲ್ಲಿಯ ರೂಢಿಯಂತೆ ನಾನು ಅವರನ್ನು ಹೆಸರು ಹಿಡಿದೇ ಕರೆಯಬೇಕಿತ್ತು, ಮನಸ್ಸಿನಲ್ಲಿ ಮಾತ್ರ ಅಜ್ಜ ಎಂದುಕೊಳ್ಳುತ್ತಿದ್ದೆ. ಅವರ ಬಳಿ 1968ರ ಒಂದು ಟ್ರಯಂಫ್ ಸ್ಪಿಟ್‌ಫೈರ್ ಇತ್ತು. ಮೇಲೆ ಬಟ್ಟೆಯ ಮಡಚುವ ಚಾವಣಿ, ಎರಡೇ ಸೀಟು, 1296 ಸಿಸಿ ಎಂಜಿನ್, ಸುಮಾರು ಏಳು ನೂರು ಕಿಲೋ ತೂಕ. ಎರಡನೆಯ ಮಹಾಯುದ್ಧದ ಹೆಸರಾಂತ ಯುದ್ಧವಿಮಾನದ ಹೆಸರನ್ನೇ ಅದಕ್ಕೆ ಇಟ್ಟಿದ್ದರು. 1962ರಿಂದ 1980ರವರೆಗೆ ಇಂಥ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಇಲ್ಲಿರುವ ಹಿರಿಯರಿಗೆ ಈ ಕಾರು ಪೂರ್ತಿ ಹೊಸದಲ್ಲ. ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನೀವು ನೋಡಿರುತ್ತೀರಿ. ಬಾನೆಟ್ಟನ್ನು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಎತ್ತಿದರೆ ಇಡೀ ಎಂಜಿನ್ ಕಾಣುತ್ತಿದ್ದ ಕಾರು ಅದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ ನಮ್ಮಲ್ಲಿ ಆ ಹೆಸರಿನಲ್ಲಿ ಬಂದಿತ್ತು. ಆ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಬೇರೆ ಅಂಗಿ ತೊಡಿಸಿದರೆ ಸ್ಪಿಟ್‌ಫೈರ್. ಎರಡರ ರೂಪವನ್ನೂ ಬರೆದವರು ಇಟಲಿಯ ಮಿಕೆಲೊಟ್ಟಿ.

ಎರಡಕ್ಕೂ ಒಂದೇ ಗುಣ, ಒಂದೇ ದೋಷ. ದೋಷ ಇದ್ದದ್ದು ಹಿಂದಿನ ಚಕ್ರಗಳ ಜೋಡಣೆಯಲ್ಲಿ. ಅದಕ್ಕೆ ಸ್ವಿಂಗ್ ಆಕ್ಸಲ್ ಎನ್ನುತ್ತಾರೆ. ನಮ್ಮ ಎತ್ತಿನಗಾಡಿಯಲ್ಲಿ ಒಂದೇ ಅಚ್ಚು ಈ ಚಕ್ರದಿಂದ ಆ ಚಕ್ರದವರೆಗೆ ನೇರವಾಗಿರುತ್ತದೆ. ಈ ಕಾರಿನಲ್ಲಿ ಹಾಗಲ್ಲ. ಮಧ್ಯದಲ್ಲಿ ಒಂದು ಪೆಟ್ಟಿಗೆ, ಅದರ ಎರಡು ಕಡೆಗೆ ಎರಡು ಅರ್ಧ ಅಚ್ಚುಗಳು. ಮಕ್ಕಳೇ, ನಿಮ್ಮ ಎರಡು ಕೈಗಳನ್ನು ಪಕ್ಕಕ್ಕೆ ಚಾಚಿ. ಭುಜದಲ್ಲಿ ಮಾತ್ರ ಕೀಲಿದೆ, ಮೊಣಕೈ, ಮಣಿಕಟ್ಟು ಬಾಗುವುದಿಲ್ಲ ಎಂದುಕೊಳ್ಳಿ. ಅಂಗೈಯೇ ಚಕ್ರ, ಬೆರಳುಗಳು ನೆಲದ ಕಡೆಗೆ. ಈಗ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ. ಬೆರಳ ತುದಿ ಒಳಕ್ಕೆ ತಿರುಗಿತಲ್ಲವೇ? ಕಾರಿನ ಹಿಂಭಾಗ ಮೇಲಕ್ಕೆದ್ದಾಗ ಚಕ್ರಕ್ಕೂ ಹಾಗೇ ಆಗುತ್ತದೆ. ಟೈರು ಅಗಲವಾಗಿ ನೆಲ ಮುಟ್ಟುವುದನ್ನು ಬಿಟ್ಟು ಹೊರಅಂಚಿನ ಮೇಲೆ ನಿಲ್ಲುತ್ತದೆ.

ನೇರ ರಸ್ತೆಯಲ್ಲಿ ಇದರಿಂದ ತೊಂದರೆ ಇಲ್ಲ. ವೇಗವಾಗಿ ತಿರುವಿಗೆ ನುಗ್ಗಿದ ಚಾಲಕ ಹೆದರಿ ಆಕ್ಸಿಲರೇಟರ್ ಮೇಲಿನ ಕಾಲನ್ನು ಥಟ್ಟನೆ ತೆಗೆದ ಎನ್ನಿ. ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಹಿಂಭಾಗ ಹಗುರವಾಗಿ ಏಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ರಸ್ತೆ ಆ ಚಕ್ರವನ್ನು ಪಕ್ಕದಿಂದ ತಳ್ಳುವ ಬಲವೇ ಕಾರನ್ನು ಇನ್ನಷ್ಟು ಮೇಲೆತ್ತುತ್ತದೆ. ಹಿಡಿತ ಒಮ್ಮೆಲೇ ತಪ್ಪಿ ಕಾರು ಬುಗುರಿಯ ಹಾಗೆ ಸುತ್ತುತ್ತದೆ. ಎಚ್ಚರಿಕೆಯ ಚಾಲಕ ಏನು ಮಾಡುತ್ತಾನೋ, ಅಂದರೆ ಕಾಲು ತೆಗೆಯುವುದು, ಅದೇ ಇಲ್ಲಿ ಅಪಾಯ.

ಇದು ಒಂದೇ ಕಂಪನಿಯ ದೋಷವಾಗಿರಲಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಅಮೆರಿಕದ ಶೆವ್ರೊಲೆ ಕೊರ್ವೇರ್ ಕಾರುಗಳಲ್ಲೂ ಇಂಥದೇ ಜೋಡಣೆ ಇತ್ತು. ಕೊರ್ವೇರಿನ ವಿಷಯವನ್ನೇ ಮೊದಲ ಅಧ್ಯಾಯವಾಗಿಟ್ಟು ರಾಲ್ಫ್ ನೇಡರ್ 1965ರಲ್ಲಿ ಒಂದು ಪುಸ್ತಕ ಬರೆದರು. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾಯ್ದೆ ಬಂತು. ನಮ್ಮ ದೇಶದಲ್ಲಿ 1972ರಲ್ಲಿ ಹೆರಾಲ್ಡಿನ ಜಾಗಕ್ಕೆ ಸ್ಟ್ಯಾಂಡರ್ಡ್ ಗೆಜೆಲ್ ಬಂದಾಗ ಈ ಅರ್ಧ ಅಚ್ಚುಗಳನ್ನು ಕೈಬಿಟ್ಟು ಒಂದೇ ಅಚ್ಚು ಹಾಕಿದರು.

ಅಜ್ಜನಿಗೆ ಒಬ್ಬಳು ಮೊಮ್ಮಗಳು, ಇಪ್ಪತ್ತೆರಡು ವರ್ಷದವಳು. ಆ ಕಾರು ಅವಳಿಗೇ ಸೇರಬೇಕೆಂದು ಅಜ್ಜನ ಆಸೆ. ಆದರೆ ಕೀಲಿ ಕೊಡಲು ಒಪ್ಪುತ್ತಿರಲಿಲ್ಲ. ಹಿಂಭಾಗ ಸರಿಯಾಗುವವರೆಗೆ ಇದು ಬೀದಿಗಿಳಿಯುವುದಿಲ್ಲ ಎಂದು ಹಟ ಹಿಡಿದಿದ್ದರು. ಅವರ ಕೈ ನಡುಗುತ್ತಿತ್ತು, ಬಗ್ಗಿ ಕೆಲಸ ಮಾಡಲಾಗುತ್ತಿರಲಿಲ್ಲ. ಹೀಗೆ ಅವರು ಕುರ್ಚಿಯ ಮೇಲೆ, ನಾನು ಮತ್ತು ಆ ಹುಡುಗಿ ಕಾರಿನ ಕೆಳಗೆ. ಒಂದು ಚಳಿಗಾಲದ ಶನಿವಾರಗಳೆಲ್ಲ ಕಳೆದವು.

ಕೂಡಲೇ ಹೊಸ ಸ್ಪ್ರಿಂಗು ಹಾಕುವುದಕ್ಕೆ ಅಜ್ಜ ಬಿಡಲಿಲ್ಲ. "ಮೊದಲು ಇರುವುದು ಸರಿಯಾಗಿದೆಯೋ ನೋಡಿ" ಎಂದರು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆವು, ಬೇರಿಂಗು ಸಡಿಲವಿತ್ತು. ರಬ್ಬರ್ ಬುಷ್‌ಗಳು ಒಣಗಿ ಬಿರುಕುಬಿಟ್ಟಿದ್ದವು. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿತ್ತು. ಮುಂದಿನ ಚಕ್ರ ತಿರುಗುವ ಕಂಬದ ಬುಡದಲ್ಲಿ ಟ್ರನಿಯನ್ ಎಂಬ ಒಂದು ಲೋಹದ ಕೀಲಿದೆ. ಅದಕ್ಕೆ ಗ್ರೀಸು ಸಾಲದು, ದಪ್ಪನೆಯ ಗೇರ್ ಎಣ್ಣೆಯನ್ನೇ ಬಿಡಬೇಕು. ನಮ್ಮ ಗಾಡಿಗೆ ಕೀಲೆಣ್ಣೆ ಹಾಕಿದ ಹಾಗೆ. ಹಾಕದೆ ಬಿಟ್ಟರೆ ಒಳಗೆ ತುಕ್ಕು ಹಿಡಿದು ಒಂದು ದಿನ ಕಂಬವೇ ಮುರಿದು ಚಕ್ರ ಮಲಗುತ್ತದೆ. ಇವೆಲ್ಲ ಮುಗಿಯಲು ಏಳು ವಾರ ಬೇಕಾಯಿತು. ಅಷ್ಟರಲ್ಲಿ ನಾವು ಕಾರನ್ನು ಏನೂ ಬದಲಾಯಿಸಿರಲಿಲ್ಲ, ಮೊದಲಿನಂತೆ ಮಾಡಿದ್ದೆವು, ಅಷ್ಟೆ.

ಎರಡನೆಯದು ಟೈರು ಮತ್ತು ಬ್ರೇಕು. ಟೈರು ನೋಡಲು ಹೊಸದರಂತಿತ್ತು, ಆದರೆ ಅದರ ಪಕ್ಕದಲ್ಲಿ ಮುದ್ರಿಸಿದ್ದ ತಯಾರಿಕೆಯ ವಾರ, ವರ್ಷ ನೋಡಿದರೆ ಹದಿನೈದು ವರ್ಷ ಹಳೆಯದು. ರಬ್ಬರು ಗಟ್ಟಿಯಾಗಿ ಹಿಡಿತ ಸತ್ತಿತ್ತು. ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಅದು ಸರಿಯಿಲ್ಲದಿದ್ದರೆ ಮೇಲೆ ಏನು ಹಾಕಿದರೂ ವ್ಯರ್ಥ. ಮೂರನೆಯದು ಚಕ್ರಗಳ ಅಲೈನ್‌ಮೆಂಟ್. ಅದನ್ನು ಎರಡು ದಾರ ಕಟ್ಟಿ, ಅಳತೆಪಟ್ಟಿ ಹಿಡಿದು ನಾವೇ ನೋಡಿದೆವು.

ನಾಲ್ಕನೆಯದು ನಿಜವಾದ ಬದಲಾವಣೆ. ಹಿಂದಿನ ಚಕ್ರ ಜಾರುತ್ತದೆಂದರೆ ನಾವೆಲ್ಲ ಹಿಂಭಾಗವನ್ನು ಬಿಗಿ ಮಾಡೋಣ ಎನ್ನುತ್ತೇವೆ. ಆಗಬೇಕಾದದ್ದು ಅದಕ್ಕೆ ವಿರುದ್ಧ. ತಿರುವಿನಲ್ಲಿ ಕಾರು ವಾಲಿದಾಗ ಒಳಚಕ್ರಗಳ ಭಾರ ಹೊರಚಕ್ರಗಳಿಗೆ ಹೋಗುತ್ತದೆ. ಮುಂದೆ, ಹಿಂದೆ ಯಾವ ಕಡೆ ವಾಲುವುದನ್ನು ಹೆಚ್ಚು ತಡೆಯುತ್ತದೋ ಆ ಕಡೆಯ ಹೊರಚಕ್ರಕ್ಕೆ ಈ ಭಾರ ಹೆಚ್ಚು ಬೀಳುತ್ತದೆ. ಭಾರ ಎರಡರಷ್ಟಾದರೂ ಟೈರಿನ ಹಿಡಿತ ಎರಡರಷ್ಟಾಗುವುದಿಲ್ಲ. ಹಾಗಾಗಿ ಬಿಗಿಯಾದ ಕಡೆಯೇ ಮೊದಲು ಜಾರುತ್ತದೆ. ಇದನ್ನು ಅರಿತೇ ಟ್ರಯಂಫಿನವರು 1970ರಲ್ಲಿ ಬಂದ ನಾಲ್ಕನೆಯ ಮಾದರಿಯಲ್ಲಿ ಹಿಂದಿನ ಅಡ್ಡ ಕಮಾನು ಪಟ್ಟಿಗಳ ಕಟ್ಟನ್ನು ಬದಲಾಯಿಸಿದರು. ಅಲ್ಲಿಯವರೆಗೆ ಪಟ್ಟಿಗಳೆಲ್ಲ ಮಧ್ಯದ ಪೆಟ್ಟಿಗೆಗೆ ಬಿಗಿದಿರುತ್ತಿದ್ದವು. ಹೊಸದರಲ್ಲಿ ಒಂದನ್ನು ಮಾತ್ರ ಬಿಗಿದು, ಉಳಿದವು ತಕ್ಕಡಿಯ ದಂಡದ ಹಾಗೆ ತೂಗುವಂತೆ ಬಿಟ್ಟರು. ಕಾರು ವಾಲುವುದನ್ನು ತಡೆಯುವ ಕೆಲಸವನ್ನು ಮುಂಭಾಗಕ್ಕೆ ಒಪ್ಪಿಸಿ, ಅಲ್ಲಿಯ ಆಂಟಿ ರೋಲ್ ಬಾರ್ ಎಂಬ ಸರಳನ್ನು ದಪ್ಪ ಮಾಡಿದರು.

ನಾವೂ ಅದನ್ನೇ ಮಾಡಿದೆವು. ಸರಳಿನ ಲೆಕ್ಕ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಇಷ್ಟವಾಗಬಹುದು. ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 16 ಮಿಲಿಮೀಟರ್ ಸರಳಿನ ಬದಲು 20 ಮಿಲಿಮೀಟರಿನದು ಹಾಕಿದರೆ, ದಪ್ಪ ಹೆಚ್ಚಿದ್ದು ಕಾಲು ಭಾಗ, ಬಿಗಿತ ಹೆಚ್ಚಿದ್ದು ಸುಮಾರು ಎರಡೂವರೆ ಪಟ್ಟು. ಕಣ್ಣಳತೆಯಲ್ಲಿ "ಇನ್ನೂ ಸ್ವಲ್ಪ ದಪ್ಪ ಇರಲಿ" ಎನ್ನುವವರು ಈ ಲೆಕ್ಕವನ್ನು ನೆನಪಿಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅಜ್ಜನ ನಿಯಮ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ನಾನು ಪ್ರತಿ ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ಉದ್ದೇಶ, ಬೇಕಾದ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ. ಇದನ್ನು ಎಲ್ಲಿ ಕಲಿತೆ ಎಂದು ಆ ಹುಡುಗಿ ಕೇಳಿದಳು. ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಪ್ರಾಯೋಗಿಕ ಪುಸ್ತಕದಲ್ಲಿ ಎಂದು ಹೇಳಿದೆ. ನಮ್ಮ ವಿಜ್ಞಾನದ ಮೇಷ್ಟ್ರು ವೀಕ್ಷಣೆಯ ಕಾಲಂ ಖಾಲಿ ಬಿಟ್ಟವರನ್ನು ಹೊರಗೆ ನಿಲ್ಲಿಸುತ್ತಿದ್ದದ್ದು ಇಲ್ಲಿ ಹಲವರಿಗೆ ನೆನಪಿರಬಹುದು. ಸಾಫ್ಟ್‌ವೇರಿನಲ್ಲೂ ನಾನು ದಿನಾ ಮಾಡುವ ಕೆಲಸ ಅದೇ.

ಏಪ್ರಿಲ್ ತಿಂಗಳಲ್ಲಿ ಕಾರು ತಯಾರಾಯಿತು. ಬಾಡಿಗೆಗೆ ಸಿಗುವ ಒಂದು ಖಾಲಿ ಮೈದಾನದಲ್ಲಿ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು ಪರೀಕ್ಷೆ ಮಾಡಿದೆವು. ಅಜ್ಜ ಮೊಮ್ಮಗಳನ್ನೇ ಚಾಲಕಿಯಾಗಿ ಕೂರಿಸಿದರು. ಮೊದಲು ನಿಧಾನ, ಆಮೇಲೆ ಸುತ್ತಿಗೆ ಸ್ವಲ್ಪ ಸ್ವಲ್ಪ ವೇಗ. ಕೊನೆಗೆ ತಿರುವಿನ ಮಧ್ಯದಲ್ಲಿ ಕಾಲು ತೆಗೆ ಎಂದು ಕೈಸನ್ನೆ ಮಾಡಿದರು. ಕಾರು ಮೂತಿಯನ್ನು ತುಸು ಒಳಕ್ಕೆಳೆದುಕೊಂಡು ತನ್ನ ದಾರಿಯಲ್ಲೇ ಹೋಯಿತು. ಐದು ಸಲ ಹಾಗೇ ಮಾಡಿಸಿದರು. ಐದೂ ಸಲ ಅದೇ ಫಲ. ಅವತ್ತು ಸಂಜೆ ಕೀಲಿ ಅವಳ ಕೈಗೆ ಬಂತು. ಎಂಜಿನ್‌ನ ಶಕ್ತಿ ಹೆಚ್ಚಿಸಲು ನಾವು ಕೈ ಹಾಕಲೇ ಇಲ್ಲ.

ಈಗ ನಮ್ಮೂರಿಗೆ ಬರೋಣ. ನಮ್ಮ ಹುಡುಗರು ಬೈಕಿಗೆ ಏನು ಮಾಡಿಸುತ್ತಾರೆ? ಮೊದಲು ಸೈಲೆನ್ಸರ್. ಆಮೇಲೆ ಕನ್ನಡಿ ಕಿತ್ತು ಬಿಸಾಡುವುದು, ಹಿಂದಿನ ಶಾಕ್ ಏರಿಸುವುದು, ರಿಮ್ಮಿಗೆ ಹೊಂದದ ದಪ್ಪ ಟೈರು ಹಾಕುವುದು, ಹ್ಯಾಂಡಲ್ ಬದಲಾಯಿಸುವುದು. ಹಿಂಭಾಗ ಏರಿಸಿದರೆ ಮುಂದಿನ ಫೋರ್ಕಿನ ಕೋನ ಕಡಿದಾಗುತ್ತದೆ, ಬೈಕು ಚಂಚಲವಾಗುತ್ತದೆ. ಹುಲ್ಲಿನ ಗಾಡಿಯ ಹೊರೆ ಎತ್ತರವಾದಷ್ಟೂ ಏರಿಯ ಮೇಲೆ ಎಷ್ಟು ಎಚ್ಚರಬೇಕೆಂದು ನಿಮ್ಮ ತಾತಂದಿರಿಗೆ ಗೊತ್ತಿತ್ತು. ಬೈಕಿಗೂ ಗುರುತ್ವ ಕೇಂದ್ರ ಅದೇ. ಅಷ್ಟೆಲ್ಲ ಖರ್ಚು ಮಾಡಿದ ಬೈಕಿನ ಟೈರು ಸವೆದು ಬೋಳಾಗಿರುತ್ತದೆ, ಚೈನು ಜೋತಿರುತ್ತದೆ. ಕಂಪನಿಯ ರೂಪವನ್ನು ಇಷ್ಟಬಂದಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಒಪ್ಪುವುದಿಲ್ಲ.

ಹುಡುಗರಿಗೆ ಯಂತ್ರದ ಮೇಲಿನ ಆಸೆ ತಪ್ಪೆಂದು ನಾನು ಹೇಳಲಾರೆ. ಸ್ಪ್ಯಾನರ್ ಹಿಡಿಯುವ ಕೈಯನ್ನು ಬೈದು ಕೂರಿಸಬಾರದು, ಅದಕ್ಕೆ ದಾರಿ ತೋರಿಸಬೇಕು. ಅದಕ್ಕಾಗಿ ನಾವು, 2004ರ ತಂಡದವರು, ಒಂದು ತೀರ್ಮಾನ ಮಾಡಿದ್ದೇವೆ. ತಾಲ್ಲೂಕು ಕೇಂದ್ರದಲ್ಲಿ ಗ್ಯಾರೇಜ್ ನಡೆಸುತ್ತಿರುವ ನಮ್ಮ ಇಬ್ಬರು ಗೆಳೆಯರು ಪ್ರತಿ ತಿಂಗಳ ಎರಡನೆಯ ಭಾನುವಾರ ಶಾಲೆಯ ಮೈದಾನಕ್ಕೆ ಬರುತ್ತಾರೆ. ಯಾರ ಬೈಕಾದರೂ ಸರಿ. ಟೈರು, ಬ್ರೇಕು, ಚೈನು, ಬೇರಿಂಗು, ದೀಪ ನೋಡಿಕೊಡುತ್ತಾರೆ, ನೋಡುವುದನ್ನು ಹುಡುಗರಿಗೂ ಕಲಿಸುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಪಾನಾಗಳ ಎರಡು ಸೆಟ್, ಗಾಳಿಯ ಪಂಪು, ಒತ್ತಡ ಅಳೆಯುವ ಗೇಜು, ಒಂದು ಗಟ್ಟಿ ಮೇಜು ಈಗಾಗಲೇ ಶಾಲೆಗೆ ಬಂದಿವೆ. ಮುಖ್ಯೋಪಾಧ್ಯಾಯರು ಹಳೆಯ ಸೈಕಲ್ ಶೆಡ್ಡನ್ನು ಬಿಟ್ಟುಕೊಟ್ಟಿದ್ದಾರೆ. ಅವರಿಗೆ ನಮ್ಮ ವಂದನೆಗಳು.

ಕೆರೆ ಏರಿಯ ತಿರುವಿಗೆ ತಡೆಗೋಡೆ, ಎಚ್ಚರಿಕೆಯ ಫಲಕ ಬೇಕೆಂದು ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಅದು ಹೊರಗೆ ನೋಂದಣಿ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮೊದಲು ತಾವೆಲ್ಲ ದಯವಿಟ್ಟು ಸಹಿ ಮಾಡಿ. ಮುಂದಿನ ಭಾನುವಾರ ಬೈಕು ತರುವವರು ಹೆಲ್ಮೆಟ್ಟನ್ನೂ ತನ್ನಿ.